ಹದಿಮೂರನೆಯ ಉಗುರು

ಚಟ್ ಎಂದಿತು, ಅಡುಗೆಮನೆಯ ಕಡೆಯಿಂದ. ಇಲಿಯ ಸದ್ದಲ್ಲ, ನಲ್ಲಿಯದೂ ಅಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಚಟ್.

ರಾತ್ರಿ ಒಂದು ಗಂಟೆ ದಾಟಿತ್ತು. ನಾನು ಮಲಗಿದ್ದೆನೇ ಹೊರತು ನಿದ್ದೆ ಹತ್ತಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ದೊಡ್ಡಮ್ಮ ಇರಲಿಲ್ಲ. ಕೈಗವಸು ತೊಟ್ಟು, ಮಣಿಕಟ್ಟಿನ ಹತ್ತಿರ ಅದರ ಅಂಚನ್ನು ಎಳೆದು ಬಿಟ್ಟರೆ ಆಗುವ ಸದ್ದು ಅದು. ಎರಡು ತಿಂಗಳಿಂದ ಕೈಗವಸು ಆರಿಸುವುದೇ ನನ್ನ ಕೆಲಸವಾಗಿದ್ದರಿಂದ ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ಬಿಳಿ ರಬ್ಬರಿನದು ಮೆತ್ತಗೆ ಪಟ್ ಎನ್ನುತ್ತದೆ. ನುಣುಪಾದ ನೀಲಿಯದು ಸದ್ದೇ ಮಾಡದೆ ಸರಿದು ಕೂರುತ್ತದೆ. ಒಣಕಡ್ಡಿ ಮುರಿದ ಹಾಗೆ ಚಟ್ ಎನ್ನುವುದು ಮೂರನೆಯ ಮಾದರಿ: ದಪ್ಪ ನೀಲಿ, ಬೆರಳ ತುದಿಗಳಲ್ಲಿ ಸಾಸಿವೆಗಿಂತ ಸಣ್ಣ ಉಬ್ಬು ಚುಕ್ಕಿಗಳು. ಆ ಮಾದರಿಯಲ್ಲಿ ಕಾರ್ಖಾನೆಯಿಂದ ಹೊರಗೆ ಬಂದದ್ದು ಒಂದೇ ಒಂದು ಕೈಗವಸು. ಅದನ್ನು ಅವತ್ತು ಮಧ್ಯಾಹ್ನ ನನ್ನ ಮೇಜಿನ ಡ್ರಾಯರಿನಿಂದ ತೆಗೆದು ಬಿಳಿ ಕೋಟಿನ ಒಳಜೇಬಿಗೆ ಹಾಕಿಕೊಂಡವಳು ನಾನೇ. ಮನೆಗೆ ಬಂದ ಮೇಲೆ ಕೋಟನ್ನು ದೊಡ್ಡಮ್ಮ ಒಗೆಯಲು ಎತ್ತಿಕೊಂಡಿದ್ದಳು. ಕೆಲಸದಿಂದ ತೆಗೆದುಹಾಕಿಸಿಕೊಂಡು ಬಂದ ದಿನವೂ ಅವಳು ನನ್ನ ಕೋಟು ಒಗೆಯುವುದನ್ನು ಬಿಡಲಿಲ್ಲ.

ಎದ್ದು ಹೋಗಬೇಕಿತ್ತು. ನಾನು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು, ಮೂರನೆಯ ಸಲ ಆ ಸದ್ದಾಗುತ್ತದೆಯೇ ಎಂದು ಕಿವಿಗೊಟ್ಟು ಮಲಗಿದೆ.

ನಮ್ಮ ಕಾರ್ಖಾನೆಯಲ್ಲಿ ಸಿಗಡಿ ಸುಲಿದು, ತೊಳೆದು, ಹೆಪ್ಪುಗಟ್ಟಿಸಿ ಪ್ಯಾಕೆಟ್ ಮಾಡುತ್ತಾರೆ. ದೊಡ್ಡಮ್ಮ ಅಲ್ಲಿ ಹದಿನಾಲ್ಕು ವರ್ಷ ಮೂರನೆಯ ಮೇಜಿನಲ್ಲಿ ನಿಂತವಳು. ಅಮ್ಮ ಹೋದಾಗ ನಾನು ಏಳನೆಯ ಕ್ಲಾಸಿನಲ್ಲಿದ್ದೆ. ಅಲ್ಲಿಂದ ಮುಂದೆ ನನ್ನ ಜಡೆ ಹೆಣೆದದ್ದು, ಕಾಲೇಜಿಗೆ ಕಳಿಸಿದ್ದು ಎಲ್ಲ ಅವಳೇ. ಎಷ್ಟು ಸಾಬೂನು ಹಾಕಿ ಉಜ್ಜಿದರೂ ಅವಳ ಕೈಯಲ್ಲಿ ಐಸಿನ ತಣ್ಣನೆಯ ವಾಸನೆಯೊಂದು ಉಳಿದೇ ಇರುತ್ತಿತ್ತು. ಓದು ಮುಗಿದ ಮೇಲೆ ಅದೇ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತು. ಇನ್ನೂ ಕಾಯಂ ಆಗಿರಲಿಲ್ಲ. ಒಳಗೆ ಹೋದರೆ ದೊಡ್ಡಮ್ಮ ನನ್ನನ್ನು ಮೇಡಂ ಎನ್ನುತ್ತಿದ್ದಳು. ತಮಾಷೆಗೆ ಶುರುವಾದದ್ದು ಅಭ್ಯಾಸವಾಗಿತ್ತು.

ಹಳೆಯ ಕೈಗವಸುಗಳು ತೆಳ್ಳಗೆ, ಪಾರದರ್ಶಕ. ಹರಿದರೆ ಚೂರು ಎಲ್ಲಿ ಬಿತ್ತೆಂದು ಕಾಣಿಸುತ್ತಿರಲಿಲ್ಲ. ಹೊಸದನ್ನು ಆರಿಸಿ ಎಂದು ಮ್ಯಾನೇಜರ್ ನನಗೆ ಹೇಳಿದರು. ಮೂರು ಮಾದರಿ ತರಿಸಿದೆ. ಪ್ರತಿಯೊಂದಕ್ಕೂ ನೀರು ತುಂಬಿ, ಬಾಯಿ ಕಟ್ಟಿ, ನಮ್ಮ ಪ್ರಯೋಗಾಲಯದ ಕಿಟಕಿಯ ಸರಳಿಗೆ ನೇತುಹಾಕಿ ಎಷ್ಟು ಹೊತ್ತಿಗೆ ತೊಟ್ಟಿಕ್ಕುತ್ತದೆಂದು ಗಡಿಯಾರ ನೋಡುತ್ತ ಕುಳಿತೆ. ಹಾದುಹೋಗುವವರು ಅದನ್ನು ನೋಡಿ, ಮೇಡಂ ಹಸು ಕಟ್ಟಿದ್ದಾರೆ, ಕೆಚ್ಚಲು ನೋಡಿ ಎಂದು ನಗುತ್ತಿದ್ದರು. ಬಿಳಿ ರಬ್ಬರಿನದು ಎರಡನೆಯ ದಿನಕ್ಕೇ ಹೆಂಗಸರ ಮಣಿಕಟ್ಟಿನಲ್ಲಿ ಕೆಂಪು ದದ್ದು ಎಬ್ಬಿಸಿತು. ನುಣುಪು ನೀಲಿಯದು ಪರವಾಗಿರಲಿಲ್ಲ, ಆದರೆ ಒದ್ದೆ ಸಿಗಡಿ ಜಾರುತ್ತಿತ್ತು. ಚುಕ್ಕಿ ನೀಲಿಯನ್ನು ಕಳಿಸಿದವರು ತಪ್ಪಿ ಅತಿ ಸಣ್ಣ ಅಳತೆಯ ಒಂದೇ ಪೆಟ್ಟಿಗೆ ಕಳಿಸಿದ್ದರು. ಐಸು ನೀರಿನಲ್ಲಿ ವರ್ಷಗಟ್ಟಲೆ ಊದಿದ ಕೈಗಳಿಗೆ ಅದು ಅರ್ಧಕ್ಕೂ ಏರಲಿಲ್ಲ.

“ಇದು ಬೊಂಬೆಗಾ ಮೇಡಂ?” ಎಂದಳು ಮೂರನೆಯ ಮೇಜಿನ ರೇಡಿಯೋ. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಕಾರಣ ಅವಳಿಗೆ ಆ ಹೆಸರು.

ನನ್ನ ಕೈ ಸಣ್ಣದು. ಹಾಗಾಗಿ ನಾನೇ ಹಾಕಿಕೊಂಡು ಒಂದು ಗಂಟೆ ಸುಲಿದು ನೋಡುವುದೆಂದು ಒಂದು ದಿನ ಮಧ್ಯಾಹ್ನ ಮೂರನೆಯ ಮೇಜಿಗೆ ಹೋಗಿ ದೊಡ್ಡಮ್ಮನ ಪಕ್ಕ ನಿಂತೆ. ಸಿಗಡಿಯ ಬೆನ್ನೊಳಗೆ ಕಪ್ಪು ಎಳೆಯೊಂದು ಇರುತ್ತದೆ, ಅದನ್ನು ತುಂಡಾಗದಂತೆ ಎಳೆಯಬೇಕು. ನನಗೆ ಒಂದೂ ಬರಲಿಲ್ಲ. ಆಗಲೇ ದೊಡ್ಡಮ್ಮನ ಬಲ ಹೆಬ್ಬೆರಳನ್ನು ಸರಿಯಾಗಿ ನೋಡಿದ್ದು. ಆ ವಾರ ಮೇಜಿನವರೆಲ್ಲ ಪರೀಕ್ಷೆಗೆಂದು ತೊಟ್ಟಿದ್ದ ನುಣುಪು ನೀಲಿ ಕೈಗವಸಿನ ಆ ಬೆರಳಿಗೆ ತುದಿ ಇರಲಿಲ್ಲ, ಉಗುರು ಹೊರಗಿತ್ತು. ಸುತ್ತ ನೋಡಿದೆ, ಹನ್ನೆರಡು ಜನರದೂ ಹಾಗೆಯೇ.

“ಹೀಗೆ ಮಾಡಬಾರದಲ್ವಾ?” ಎಂದು ಮೆಲ್ಲಗೆ ಕೇಳಿದೆ.

“ಮಾಡಬಾರದು. ಉಗುರು ತೆಗೀದೆ ಹೋದ್ರೆ ದಿನಕ್ಕೆ ಅರ್ಧ ಟಬ್ಬೂ ಆಗಲ್ಲ,” ಎಂದಳು ದೊಡ್ಡಮ್ಮ. “ನೀನು ನೋಡಿಲ್ಲ ಅಂದ್ಕೋ.”

ಉಗುರು ತೆಗೆಯುವುದು ಎಂದರೆ ಕೈಗವಸಿನ ಹೆಬ್ಬೆರಳ ತುದಿಯನ್ನು ಚಾಕುವಿನಿಂದ ಕತ್ತರಿಸುವುದು. ಕತ್ತರಿಸಿದ ಚೂರಿಗೂ ಅವರು ಉಗುರೆಂದೇ ಹೇಳುತ್ತಿದ್ದರು. ಬೆಳಿಗ್ಗೆ ಮೊದಲ ಸಿಗಡಿ ಮುಟ್ಟುವ ಮುಂಚೆ ಹನ್ನೆರಡು ಜನರೂ ತಮ್ಮ ಉಗುರನ್ನು ದೊಡ್ಡಮ್ಮನ ಡಬ್ಬಿಗೆ ಹಾಕಬೇಕು. ಸಂಜೆ ಅವಳು ಡಬ್ಬಿ ತೆರೆದು ಜೋರಾಗಿ ಎಣಿಸುವವರೆಗೆ ಯಾರೂ ಮೇಜು ಬಿಟ್ಟು ಹೋಗುವ ಹಾಗಿಲ್ಲ. ಮೇಲಿನವರಿಗೆ ಗೊತ್ತಿಲ್ಲದ ನಿಯಮ ಇದು, ಮೇಲಿನವರ ಯಾವ ನಿಯಮವನ್ನೂ ಅಲ್ಲಿ ಇಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ಚೂರೂ ತಪ್ಪಿರಲಿಲ್ಲ.

ಇಪ್ಪತ್ತು ಸಿಗಡಿ ಹಾಳು ಮಾಡಿದ ಮೇಲೆ ನಾನೂ ಚಾಕು ತೆಗೆದುಕೊಂಡು ನನ್ನ ಉಗುರು ತೆಗೆದೆ. ಮೇಜಿನಲ್ಲಿ ನಗು ಎದ್ದಿತು. “ಮೇಡಂ ಪಾಸಾದ್ರು,” ಎಂದಳು ರೇಡಿಯೋ. ದೊಡ್ಡಮ್ಮನ ಎರಡೂ ಕೈ ಐಸಿನಲ್ಲಿದ್ದವು, ಡಬ್ಬಿ ಅವಳ ಏಪ್ರನ್ ಜೇಬಿನಲ್ಲಿತ್ತು. ಆಮೇಲೆ ಕೊಟ್ಟರಾಯಿತೆಂದು ಚೂರನ್ನು ತಟ್ಟೆಯ ಅಂಚಿನ ಕೆಳಗೆ ಸಿಕ್ಕಿಸಿದೆ. ಅಷ್ಟರಲ್ಲಿ ಮ್ಯಾನೇಜರ್ ಕರೆಯುತ್ತಿದ್ದಾರೆಂದು ಯಾರೋ ಬಂದರು. ಹೋದೆ.

ನೆನಪಾದದ್ದು ಸಂಜೆ. ಬಾಗಿಲವರೆಗೆ ಓಡಿ ಬಂದೆ. ಮೇಜನ್ನು ಆಗಲೇ ಪೈಪಿನಿಂದ ತೊಳೆದಿದ್ದರು, ತಟ್ಟೆಗಳು ಹೋಗಿದ್ದವು. ದೊಡ್ಡಮ್ಮ ಎಣಿಸುತ್ತಿದ್ದಳು. ಹತ್ತು, ಹನ್ನೊಂದು, ಹನ್ನೆರಡು. “ಸರಿಯಾಗಿದೆ, ನಡೀರಿ,” ಎಂದಳು. ಹನ್ನೆರಡು ಜನ, ಹನ್ನೆರಡು ಉಗುರು. ನಾನು ಆ ಮೇಜಿನವಳಲ್ಲವಾದ್ದರಿಂದ ಅವಳ ಲೆಕ್ಕದಲ್ಲಿ ನಾನು ಇರಲಿಲ್ಲ. ಒಂದು ಮಾತು ಹೇಳಿದ್ದರೆ ಅವತ್ತಿನ ಟಬ್ಬುಗಳನ್ನೆಲ್ಲ ಸುರಿದು ಹುಡುಕುತ್ತಿದ್ದರು. ನೀರಿನ ಜೊತೆ ಮೋರಿಗೆ ಹೋಗಿರುತ್ತದೆ ಎಂದುಕೊಂಡೆ. ಸರಿಯಾಗಿದೆ ಎಂಬ ಅವಳ ಮಾತನ್ನು ನನಗೂ ಸೇರಿಸಿಕೊಂಡು ಹಿಂದಕ್ಕೆ ಹೋದೆ.

ಐದು ವಾರದ ಮೇಲೆ, ದೊಡ್ಡಮ್ಮನನ್ನು ಕೆಲಸದಿಂದ ತೆಗೆದ ದಿನ ಬೆಳಿಗ್ಗೆ, ಅದು ಒಂದು ಸಣ್ಣ ಪಾರದರ್ಶಕ ಕವರಿನಲ್ಲಿ ಮ್ಯಾನೇಜರ್ ಮೇಜಿಗೆ ವಾಪಸು ಬಂದಿತ್ತು. ಯಾರೋ ಮನೆಯಲ್ಲಿ ಪ್ಯಾಕೆಟ್ ಒಡೆದು ಬೇಯಿಸಿ ತಟ್ಟೆಗೆ ಹಾಕಿಕೊಂಡಿದ್ದರು. ಅವರ ಮಗುವಿನ ಬಾಯಿಂದ ತೆಗೆದದ್ದಂತೆ. ಪ್ಯಾಕೆಟ್ಟಿನ ಮೇಲಿನ ತಾರೀಖು, ಮೇಜಿನ ಸಂಖ್ಯೆ ಎರಡೂ ಸ್ಪಷ್ಟವಾಗಿದ್ದವು.

ಮ್ಯಾನೇಜರ್ ಮೂರನೆಯ ಮೇಜಿನವರನ್ನು ಊಟದ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದರು. ನನ್ನ ಕೈಗೆ ರಿಜಿಸ್ಟರ್ ಕೊಟ್ಟು ಎರಡು ಕಾಲಂ ಎಳೆಯಲು ಹೇಳಿದರು: ಹೊಂದುತ್ತದೆ, ಹೊಂದುವುದಿಲ್ಲ. ಹನ್ನೆರಡು ಸಾಲು ಎಳೆದೆ.

“ನಿಯಮ ಅಂದ್ರೆ ಎಲ್ರಿಗೂ ಒಂದೇ,” ಎಂದರು ಮ್ಯಾನೇಜರ್. ಅವರು ಖುಷಿಯಲ್ಲಿದ್ದಂತೆ ಕಾಣುತ್ತಿತ್ತು. ಕೋಪ ಬಂದಾಗ ಅವರು ಹಾಗೆಯೇ. “ಮೊದಲು ಮೇಡಂ ಹಾಕಿ ತೋರಿಸ್ಲಿ.”

ಕವರಿನಿಂದ ಚೂರನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಬೆಂದು, ಬಣ್ಣ ಮಾಸಿ, ಚುಕ್ಕಿಗಳು ಕಣ್ಣಿಗೆ ಕಾಣದಷ್ಟು ತಗ್ಗಿದ್ದವು. ಮುಟ್ಟಿದರೆ ಮಾತ್ರ ತಿಳಿಯುತ್ತಿತ್ತು. ಹಾಕಿಕೊಂಡೆ. ನನ್ನ ಹೆಬ್ಬೆರಳಿಗೆ ಅದು ಟೋಪಿಯ ಹಾಗೆ ಕೂತಿತು.

“ಅಯ್ಯೋ, ಮೇಡಂಗೆ ಹೇಳಿ ಮಾಡಿಸಿದ ಹಾಗಿದೆ,” ಎಂದಳು ರೇಡಿಯೋ.

ಕೋಣೆಯೆಲ್ಲ ನಕ್ಕಿತು. ಹೆದರಿ ನಿಂತವರಿಗೆ ನಗಲು ಒಂದು ನೆಪ ಬೇಕಿತ್ತು. ಮ್ಯಾನೇಜರ್ ಕೂಡ ಹೊಟ್ಟೆ ಕುಣಿಸಿ ನಕ್ಕರು. “ಸಿಕ್ಕಿಬಿದ್ರು ನೋಡಿ,” ಎಂದರು. ನಾನೂ ನಕ್ಕೆ. ಚೂರನ್ನು ತೆಗೆದು ಮೊದಲನೆಯವಳಿಗೆ ಕೊಟ್ಟೆ. ರಿಜಿಸ್ಟರಿನಲ್ಲಿ ನನಗೆಂದು ಸಾಲು ಇರಲಿಲ್ಲ.

ಯಾರ ಬೆರಳಿಗೂ ಅದು ಏರಲಿಲ್ಲ. ಹೊಂದುವುದಿಲ್ಲ, ಹೊಂದುವುದಿಲ್ಲ ಎಂದು ಬರೆಯುತ್ತಾ ಹೋದೆ. ಏಳನೆಯವಳ ಹೊತ್ತಿಗೆ ಮ್ಯಾನೇಜರ್ ಬೇಸತ್ತು ಕೈ ಅಡ್ಡ ಹಿಡಿದರು.

“ಯಾರು ಅಂತ ನೀವೇ ಹೇಳಿ. ಹೇಳಿದ್ರೆ ಒಬ್ಬಳು ಮನೆಗೆ. ಹೇಳ್ದೆ ಹೋದ್ರೆ ಮೇಜಿಗೆ ಮೇಜೇ ಮನೆಗೆ. ಊಟದ ಗಂಟೆ ಹೊಡಿಯೋವರೆಗೂ ಟೈಮಿದೆ.”

ಊಟದ ಗಂಟೆಗೆ ಹನ್ನೊಂದು ನಿಮಿಷವಿತ್ತು. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಹೇಳುವುದಕ್ಕೆ ಹನ್ನೊಂದು ನಿಮಿಷ ಸಿಕ್ಕಿತ್ತು. ಒಂದೊಂದು ನಿಮಿಷಕ್ಕೂ ಮುಂದಿನದು ಇದೆಯಲ್ಲ ಎಂದುಕೊಂಡೆ.

ಎಂಟನೆಯ ನಿಮಿಷಕ್ಕೆ ರೇಡಿಯೋ ಬಾಯಿ ಬಿಟ್ಟಳು. “ಯಾರು ಬಿಟ್ಟಿದ್ದು ಅಂತ ನಮಗೆ ಗೊತ್ತಿಲ್ಲ ಸರ್. ಉಗುರು ತೆಗಿಯೋದು ಕಲಿಸಿದ್ದು ಮಾತ್ರ ಅಕ್ಕ.”

“ಅಕ್ಕ ಅಂದ್ರೆ?”

ರೇಡಿಯೋ ಗದ್ದದಿಂದ ದೊಡ್ಡಮ್ಮನ ಕಡೆ ತೋರಿಸಿದಳು. ಮಳೆಯೋ ಬಿಸಿಲೋ, ಹತ್ತು ವರ್ಷ ದೊಡ್ಡಮ್ಮನ ಕೊಡೆಯಲ್ಲಿ ಬಸ್ ಸ್ಟಾಪಿಗೆ ನಡೆದವಳು ಅವಳು.

“ಉಗುರು ತೆಗಿಯೋದು ಅಂದ್ರೆ ಏನದು?” ಎಂದರು ಮ್ಯಾನೇಜರ್. ಅವರಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಹರಿದು ಬಿದ್ದದ್ದೆಂದು ತಿಳಿದಿದ್ದರು.

ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ಕಲಿಸಿದ್ದು ನಾನೇ ಸರ್. ದಿನಾ ಎಣಿಸಿ ಬಿಸಾಡೋದೂ ನಾನೇ. ಅವತ್ತೂ ಎಣಿಸಿದ್ದೀನಿ. ಹನ್ನೆರಡಿತ್ತು.”

“ಹನ್ನೆರಡಿತ್ತಾ?”

“ಹನ್ನೆರಡೂ ಇತ್ತು ಸರ್.”

“ಹಾಗಾದ್ರೆ ಇದು ಹದಿಮೂರನೇದು. ರಾತ್ರಿ ಹೊತ್ತು ದೆವ್ವ ಬಂದು ಸಿಗಡಿ ಸುಲಿದು ಹೋಗುತ್ತಾ? ಅದಕ್ಕೂ ಹಾಜರಿ ಹಾಕ್ತೀರಾ?” ಈ ಸಲ ನಗಲು ಯಾರಿಗೂ ಧೈರ್ಯವಾಗಲಿಲ್ಲ, ಆದರೂ ಹಿಂದಿನಿಂದ ಒಂದಿಬ್ಬರು ನಕ್ಕರು. “ಕೈ ಕೊಡಿ.”

ದೊಡ್ಡಮ್ಮ ಚೂರನ್ನು ತಾನೇ ತೆಗೆದುಕೊಂಡಳು. ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜಿದಳು. ಉಪ್ಪಿನಲ್ಲಿ ಮರಳಿದೆಯೇ ಎಂದು ನೋಡುವವರ ಹಾಗೆ, ಮೆಲ್ಲಗೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆ ಮೇಜಿನಲ್ಲಿ ಚುಕ್ಕಿ ಇರುವ ಕೈಗವಸು ತೊಟ್ಟವರು ಯಾರೆಂದು ಅವಳಿಗೆ ಗೊತ್ತಿತ್ತು. ಅವಳು ನನ್ನ ಕಡೆ ನೋಡುತ್ತಾಳೆಂದು ನಾನು ರಿಜಿಸ್ಟರಿನ ಮೇಲೆ ಬಗ್ಗಿದೆ. ತಲೆ ಎತ್ತಿದಾಗ ಅವಳು ನೆಲ ನೋಡುತ್ತಾ ನಿಂತಿದ್ದಳು.

“ಇದು ನನ್ನ ಬೆರಳಿಗೆ ಹೋಗಲ್ಲ ಸರ್,” ಎಂದಳು.

“ಹೋಗುತ್ತೆ. ಐಸಲ್ಲಿ ಕೈ ಊದಿದೆ ಅಷ್ಟೇ.” ಮ್ಯಾನೇಜರ್ ಅವಳ ಮಣಿಕಟ್ಟು ಹಿಡಿದು, ಚೂರನ್ನು ಹೆಬ್ಬೆರಳಿಗೆ ಇಟ್ಟು ಒತ್ತಿದರು. ಅವಳ ಬೆರಳ ಪಕ್ಕದಲ್ಲಿ ವರ್ಷಾನುಗಟ್ಟಲೆ ಮಾಯದ ಒಂದು ಬಿರುಕಿದೆ. ಮಲಗುವ ಮುಂಚೆ ದಿನವೂ ನಾನೇ ಅದಕ್ಕೆ ಮುಲಾಮು ಹಚ್ಚುತ್ತಿದ್ದೆ. ಅದು ಬಾಯಿ ಬಿಟ್ಟಿತು. ಅವಳು ಕಾಲಿನ ಬೆರಳುಗಳನ್ನು ಬೂಟಿನೊಳಗೆ ಮುದುರಿದಳು. ಬೂಟಿನ ಮೂತಿ ಮೇಲೆದ್ದದ್ದು ನನಗೆ ಕಂಡಿತು. ಚೂರು ಉಗುರಿನ ಅರ್ಧಕ್ಕೆ ಬಂದು ನಿಂತಿತು, ಅದರ ಅಂಚಿನಲ್ಲಿ ಕೆಂಪು ಗೆರೆ ಮೂಡಿತು.

“ಹೋಯ್ತು. ಬರ್ಕೊಳ್ಳಿ ಮೇಡಂ.”

ನಾನು ಪೆನ್ನು ಹಿಡಿದುಕೊಂಡೇ ಇದ್ದೆ.

“ನಿಮ್ಮವರು ಅಂತ ಕೈ ನಡುಗ್ತಾ ಇದೆಯಾ? ನಡುಗೋ ಕೈಯನ್ನ ಕಾಯಂ ಮಾಡ್ಕೊಳ್ಳೋಕೆ ನನಗೂ ಭಯ.”

ಬರೆದೆ. ಎಂಟನೆಯ ಸಾಲಿನಲ್ಲಿ, ಮೊದಲನೆಯ ಕಾಲಮಿನಲ್ಲಿ: ಹೊಂದುತ್ತದೆ. ಅಕ್ಷರ ದುಂಡಗೆ ಬಂತು. ದೊಡ್ಡಮ್ಮ ನನಗೆ ಕಾಪಿ ಬರೆಸಿ ತಿದ್ದಿಸಿದ ಅಕ್ಷರ.

ಗಂಟೆ ಹೊಡೆಯಿತು. ಹೆಂಗಸರು ಊಟದ ಡಬ್ಬಿ ತೆರೆದರು. ದೊಡ್ಡಮ್ಮ ಏಪ್ರನ್ ಬಿಚ್ಚಿ, ಮಡಿಸಿ, ಜೇಬಿನ ಡಬ್ಬಿಯನ್ನು ಹೊರಗೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. “ಇವತ್ತಿನದು ಇನ್ನೂ ಎಣಿಸಿಲ್ಲ. ಮರೀಬೇಡಿ,” ಎಂದು ರೇಡಿಯೋಗೆ ಹೇಳಿ ಹೋದಳು. ರೇಡಿಯೋ ತುತ್ತು ಬಾಯಿಗಿಟ್ಟುಕೊಂಡೇ ತಲೆ ಆಡಿಸಿದಳು.

ಮೂರನೆಯ ಸಲ ಸದ್ದಾಗಲಿಲ್ಲ. ಅದು ಆಗದೇ ಇದ್ದದ್ದಕ್ಕೇ ನಾನು ಎದ್ದೆ.

ಅಡುಗೆಮನೆಯಲ್ಲಿ ದೊಡ್ಡಮ್ಮ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಹಗ್ಗದಲ್ಲಿ ನನ್ನ ಕೋಟು ತೊಟ್ಟಿಕ್ಕುತ್ತಿತ್ತು. ಬಲಗೈಗೆ ಆ ಸಣ್ಣ ನೀಲಿ ಕೈಗವಸನ್ನು ಹೇಗೋ ತುರುಕಿಕೊಂಡಿದ್ದಳು. ಗೆಣ್ಣಿನ ಹತ್ತಿರ ಅದು ಬಿಳಿಚಿಕೊಂಡು ಬಿಗಿದಿತ್ತು. ಹೆಬ್ಬೆರಳ ತೂತಿನಿಂದ ಬಟ್ಟೆ ಸುತ್ತಿದ ಅವಳ ಬೆರಳು ಹೊರಗೆ ಬಂದಿತ್ತು.

“ನಿದ್ದೆ ಬರ್ಲಿಲ್ವಾ ಮೇಡಂ?” ಎಂದಳು.

ಮನೆಯಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

“ದೊಡ್ಡಮ್ಮ, ನಾನು ಅವತ್ತು ಬಂದೆ. ನೀನು ಎಣಿಸ್ತಾ ಇದ್ದೆ. ನಾನು ಅಂದ್ಕೊಂಡೆ...”

“ಹದಿಮೂರು ಅಂತ ಎಣಿಸ್ಬೇಕಿತ್ತು. ನೀನೂ ಮೇಜಿಗೆ ನಿಂತಿದ್ದೆ. ಉಗುರು ತೆಗೆದವರನ್ನೆಲ್ಲ ಎಣಿಸ್ಬೇಕು.” ಅವಳು ಕೈಯನ್ನು ದೀಪಕ್ಕೆ ಹಿಡಿದು ಚುಕ್ಕಿಗಳನ್ನು ನೋಡಿದಳು. “ನನ್ನ ಮಗಳು ಅಂತ ಲೆಕ್ಕಕ್ಕೆ ತಗೊಳ್ಳಲಿಲ್ಲ ನೋಡು.”

“ಊಟದ ಕೋಣೇಲಿ ನಿನಗೆ ಗೊತ್ತಾಯ್ತು. ಯಾಕೆ ಹೇಳಲಿಲ್ಲ?”

“ನೀನು ಹೇಳ್ತೀಯ ಅಂತ ಕಾಯ್ತಿದ್ದೆ.”

ಕೋಟಿನಿಂದ ನೀರು ಬಿತ್ತು, ಮತ್ತೆ ಬಿತ್ತು. ನೀರು ತುಂಬಿದ ಕೈಗವಸು ನೋಡುತ್ತಾ ಕುಳಿತಾಗ ಮಾಡುತ್ತಿದ್ದಂತೆ ನಾನು ಹನಿಗಳನ್ನು ಎಣಿಸುತ್ತಿದ್ದೆ.

“ಚೆನ್ನಾಗಿದೆ ಇದು,” ಎಂದಳು ಅವಳು, ಬೆರಳುಗಳನ್ನು ಮಡಿಸಲು ನೋಡುತ್ತಾ. “ಜಾರಲ್ಲ. ದೊಡ್ಡ ಅಳತೆ ತರಿಸಿದ್ರೆ ಉಗುರು ತೆಗಿಯೋದೇ ಬೇಕಾಗಲ್ಲ. ಇದನ್ನೇ ಆರಿಸು.”

“ನಾಳೆ ಹೋದ ತಕ್ಷಣ ಹೇಳ್ತೀನಿ ದೊಡ್ಡಮ್ಮ. ನನ್ನದೇ ಅಂತ ಹೇಳ್ತೀನಿ.”

ಅವಳು ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೆ ನೋಡುತ್ತಿದ್ದಳು, ನಿಜವಾದ ಜ್ವರವೋ ಶಾಲೆ ತಪ್ಪಿಸುವ ಜ್ವರವೋ ಎಂದು.

“ಹೇಳು,” ಎಂದಳು. “ಹೇಳಿದ್ರೆ ನನ್ನ ವಾಪಸು ಕೆಲಸಕ್ಕೆ ಕರೀತಾರೆ. ಬೇರೆ ಯಾವ ಕಾರ್ಖಾನೇನೂ ಈಗ ನನ್ನ ಬಾಗಿಲೊಳಗೆ ಬಿಡಲ್ಲ, ಮಗುವಿನ ಬಾಯಿಗೆ ರಬ್ಬರ್ ಹಾಕಿದವಳು ಅಂತ. ಇನ್ನು ಕೈ ಚಾಚು, ಇದನ್ನ ಬಿಚ್ಚು. ಹಾಕ್ಕೊಂಡ್ಬಿಟ್ಟೆ, ತೆಗೆಯೋಕೆ ಬರ್ತಾ ಇಲ್ಲ.”

ಬೆರಳು ಬೆರಳಾಗಿ ಬಿಚ್ಚಿದೆ. ಬಿರುಕಿನ ಹತ್ತಿರ ಬಂದಾಗ ಅವಳು ನನ್ನ ಭುಜ ಹಿಡಿದುಕೊಂಡಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಕೋಟಿಗೆ ಇಸ್ತ್ರಿಯಾಗಿತ್ತು. ಊಟದ ಡಬ್ಬಿ ತುಂಬಿತ್ತು. ಕೈಗವಸು ತೊಳೆದು ಒಣಗಿ ನಾಲ್ಕು ಮಡಿಕೆಯಾಗಿ ಕೋಟಿನ ಜೇಬಿನಲ್ಲಿತ್ತು. ತೋರಿಸಿ ಹೇಳಲು ಬೇಕಾಗುತ್ತದೆಂದು ಇಟ್ಟಿದ್ದಳು.

ಮ್ಯಾನೇಜರ್ ಚಹಾ ಕುಡಿಯುತ್ತಿದ್ದರು. ಕೂರಲು ಹೇಳಿದರು. ಅದೂ ಮೊದಲ ಸಲ.

“ಯಾವ ಗ್ಲೌಸ್ ಅಂತ ಆಯ್ತು ಮೇಡಂ?”

“ಮೂರನೇದು ಸರ್. ಚುಕ್ಕಿ ಇರೋದು. ಮೂರು ಅಳತೇಲಿ ತರಿಸ್ಬೇಕು.”

“ಕಾರಣ?”

“ಸಿಗಡಿ ಜಾರಲ್ಲ. ತುದಿ ಕತ್ತರಿಸೋ ಅಗತ್ಯ ಬೀಳಲ್ಲ.”

“ಯಾರಾದ್ರೂ ಹಾಕ್ಕೊಂಡು ಪರೀಕ್ಷೆ ಮಾಡಿದ್ದಾರಾ?”

ಕೈ ಜೇಬಿನಲ್ಲಿತ್ತು. ಮಡಿಕೆ ಬಿಚ್ಚಿಕೊಂಡಿತ್ತು. ಹೆಬ್ಬೆರಳು ತೂತಿಗೆ ತಾನಾಗಿಯೇ ಹೋಗಿ ಕೂತಿತ್ತು. ಇದೇ ಜಾಗ, ಇಲ್ಲಿಯೇ ಹೇಳಬೇಕೆಂದು ಬಸ್ಸಿನಲ್ಲಿ ನಿಂತು ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ.

“ಇಲ್ಲ ಸರ್,” ಎಂದೆ. “ಅಳತೆ ಸಣ್ಣದು ಬಂದಿತ್ತು. ಯಾರಿಗೂ ಆಗಲಿಲ್ಲ.”

ಅವರು ಸಹಿ ಹಾಕಿ ಕಾಗದ ನನ್ನ ಕಡೆ ತಳ್ಳಿದರು. ಅದರ ಕೆಳಗೆ ಇನ್ನೊಂದು ಕಾಗದವಿತ್ತು, ನನ್ನ ಕಾಯಂ ಕಾಗದ. “ನಿನ್ನೆ ನಿಮ್ಮ ಧೈರ್ಯ ನೋಡಿದೆ,” ಎಂದರು. “ಬೇರೆ ಏನಾದ್ರೂ ಇದೆಯಾ?”

“ಏನಿಲ್ಲ ಸರ್.”

ಮೂರನೆಯ ಮೇಜಿನ ಪಕ್ಕದಿಂದ ಹಾದುಬಂದೆ. ದೊಡ್ಡಮ್ಮನ ಜಾಗದಲ್ಲಿ ಹೊಸಬಳೊಬ್ಬಳು ನಿಂತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ಹಾಗೆಯೇ ಇತ್ತು, ನಿನ್ನೆಯದನ್ನು ಯಾರೂ ಎಣಿಸಿರಲಿಲ್ಲ. ಮುಚ್ಚಳ ತೆಗೆದು ಜೇಬಿನ ಕೈಗವಸನ್ನು ಅದರೊಳಗೆ ತುರುಕಿ, ಡಬ್ಬಿಯನ್ನೇ ಬಾಗಿಲ ಹತ್ತಿರದ ಕಸದ ಡ್ರಮ್ಮಿಗೆ ಹಾಕಿದೆ.

ಸಂಜೆ ದೊಡ್ಡಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ. ಹೇಳಿದೆ, ಕೈಗವಸೂ ತೋರಿಸಿದೆ, ಅವರು ಒಪ್ಪಲಿಲ್ಲ, ನಿಮ್ಮವರನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀರಿ ಅಂದರು ಎನ್ನುತ್ತೇನೆ. ಅವಳು ನನ್ನ ಮುಖ ನೋಡುತ್ತಾಳೆ. ಆಗ ಕಣ್ಣು ತಗ್ಗಿಸದೆ ನಿಲ್ಲಬೇಕು. ನಿಜವನ್ನು ಅವಳಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತು, ಸಾಬೂನು ಹಚ್ಚಿ, ನಿಯಮದಲ್ಲಿ ಬರೆದಷ್ಟು ಹೊತ್ತು ಎರಡೂ ಕೈ ಉಜ್ಜುತ್ತಾ ನಿರ್ಧರಿಸಿದೆ.